ಹಾಲು ಸಾಗಿಸುವ ಪಿಕಪ್ ವಾಹನ: ಮುಂಭಾಗದ ಸದ್ದು, ನಡುಕಗಳ ಮೂಲ ಪತ್ತೆ ಹಚ್ಚುವ ಬಗೆ

ಸಂಘಗಳಿಂದ ಶೀತಲೀಕರಣ ಕೇಂದ್ರಕ್ಕೆ ಹಾಲು ಸಾಗಿಸುವ ಕೆಲಸದಲ್ಲಿ ಪಿಕಪ್ ವಾಹನಗಳ ಪಾತ್ರ ದೊಡ್ಡದು. ಸದಸ್ಯರ ಮಕ್ಕಳೇ ಸಾಲ ಮಾಡಿ ಕೊಂಡು ಓಡಿಸುವ ಗಾಡಿಗಳೂ ಇವುಗಳಲ್ಲಿವೆ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ಹಂಪು ಗುಂಡಿಗಳೆನ್ನದೆ ಹೊತ್ತಿಗೆ ಸರಿಯಾಗಿ ಓಡಬೇಕಾದ ಈ ಗಾಡಿಗಳಲ್ಲಿ ಮುಂದಿನ ಚಕ್ರದ ಕಡೆಯಿಂದ ‘ಟಕ್ ಟಕ್’ ಎಂಬ ಸದ್ದು ಬರುವುದು, ಸ್ಟಿಯರಿಂಗ್ ನಡುಗುವುದು ಸಾಮಾನ್ಯ. ಸದ್ದು ಬಂದ ಕೂಡಲೇ ‘ಶಾಕ್ ಅಬ್ಸಾರ್ಬರ್ ಹೋಗಿದೆ, ಬದಲಾಯಿಸಿ’ ಎಂದು ಗ್ಯಾರೇಜಿಗೆ ಹೋಗುವವರೇ ಹೆಚ್ಚು. ಹೊಸ ಜೋಡಿ ಹಾಕಿಸಿ ಹಣ ಕೊಟ್ಟು ಬಂದ ಮರುದಿನ ಅದೇ ಹಂಪಿನ ಮೇಲೆ ಅದೇ ಸದ್ದು! ಬಿಡಿಭಾಗ ಬದಲಾಯಿಸುವ ಮೊದಲು ಸದ್ದು ಯಾವಾಗ ಬರುತ್ತದೆ ಎಂಬುದನ್ನು ಸರಿಯಾಗಿ ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ.

ಇದು ಬರೀ ಖರ್ಚಿನ ಮಾತಲ್ಲ. ಬೇಸಿಗೆಯಲ್ಲಿ ಗಾಡಿ ದಾರಿಯಲ್ಲೇ ಕೆಟ್ಟು ನಿಂತರೆ, ಇನ್ನೂ ತಣ್ಣಗಾಗದ ಹಾಲು ಕ್ಯಾನಿನಲ್ಲೇ ಹುಳಿಯಾಗಬಹುದು. ಆ ಮಾರ್ಗದ ಅಷ್ಟೂ ಉತ್ಪಾದಕರ ಒಂದು ಹೊತ್ತಿನ ಶ್ರಮ ಹಾಳಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮುಂಭಾಗದ ಸದ್ದುಗಳಲ್ಲಿ ಕೆಲವು ಪ್ರಾಣಕ್ಕೆ ಸಂಬಂಧಿಸಿದವು. ಬಾಲ್ ಜಾಯಿಂಟ್ ಅಥವಾ ಟೈ ರಾಡ್ ಎಂಡ್ ಸವೆದು ಕಳಚಿಕೊಂಡರೆ ಚಕ್ರ ಚಾಲಕನ ಹಿಡಿತದಲ್ಲಿ ಉಳಿಯುವುದಿಲ್ಲ. ಕಳಚುವ ಮೊದಲು ಅವು ಬಹುಮಟ್ಟಿಗೆ ಸದ್ದಿನಿಂದಲೋ ಸಡಿಲದಿಂದಲೋ ಸೂಚನೆ ಕೊಟ್ಟಿರುತ್ತವೆ. ಆ ಸೂಚನೆಯನ್ನು ಉಳಿದ ಸದ್ದುಗಳಿಂದ ಬೇರೆ ಮಾಡಿ ಗುರುತಿಸುವುದೇ ಇಲ್ಲಿನ ಮುಖ್ಯ ವಿಷಯ.

ಮೊದಲು ಕ್ಯಾನುಗಳನ್ನು ಇಳಿಸಿ

ಹಾಲಿನ ಗಾಡಿಯ ತೊಂದರೆ ಇತರ ಗಾಡಿಗಳಿಗಿಲ್ಲದ್ದು. ಅಲ್ಯೂಮಿನಿಯಂ ಕ್ಯಾನುಗಳು ಒಂದಕ್ಕೊಂದು ತಾಗುವ ಸದ್ದಿನಲ್ಲಿ ಬೇರೆ ಯಾವುದೂ ಕೇಳಿಸುವುದಿಲ್ಲ. ಆದ್ದರಿಂದ ಪರೀಕ್ಷೆಯ ದಿನ ಕ್ಯಾನು, ಮುಚ್ಚಳ, ಸರಪಳಿ, ಹಗ್ಗ ಎಲ್ಲವನ್ನೂ ಇಳಿಸಿ. ಹಿಂಬಾಗಿಲಿನ ಕೊಂಡಿ, ಸ್ಟೆಪ್ನಿ ಚಕ್ರ, ಸೀಟಿನಡಿಯ ಜಾಕು, ಮಡ್‌ಗಾರ್ಡ್ ಇವೆಲ್ಲ ಬಿಗಿಯಾಗಿವೆಯೇ ನೋಡಿ. ಸೀಟಿನಡಿಯಲ್ಲಿ ಉರುಳಾಡುವ ಒಂದು ಸ್ಪ್ಯಾನರ್ ಸಹ ಕೆಟ್ಟ ಬಾಲ್ ಜಾಯಿಂಟಿನಂತೆಯೇ ಸದ್ದು ಮಾಡಬಲ್ಲದು. ನಂತರ ಪರಿಚಿತವಾದ ಒಂದು ಕಿಲೋಮೀಟರ್ ದಾರಿಯಲ್ಲಿ ಗಾಜು ಇಳಿಸಿಕೊಂಡು, ರೇಡಿಯೋ ಆರಿಸಿ ಓಡಿಸಿ. ಒಬ್ಬರು ಪಕ್ಕದಲ್ಲಿ ಕುಳಿತು ಬರೆದುಕೊಳ್ಳಲಿ: ಸದ್ದು ಹಂಪಿನ ಮೇಲೋ, ತಿರುವಿನಲ್ಲೋ, ಬ್ರೇಕ್ ಒತ್ತಿದಾಗಲೋ, ಎಷ್ಟು ವೇಗದಲ್ಲಿ, ಎಡಗಡೆಯೋ ಬಲಗಡೆಯೋ. ಮೆಕ್ಯಾನಿಕ್‌ಗೆ ‘ಏನೋ ಸದ್ದು ಬರುತ್ತೆ’ ಎನ್ನುವುದಕ್ಕೂ ‘ಎಡಗಡೆ ಚಕ್ರ ಸಣ್ಣ ಗುಂಡಿಗೆ ಇಳಿದಾಗ ಮಾತ್ರ ಟಕ್ ಎನ್ನುತ್ತೆ’ ಎನ್ನುವುದಕ್ಕೂ ಬಿಲ್ಲಿನಲ್ಲಿಯೇ ವ್ಯತ್ಯಾಸ ಕಾಣುತ್ತದೆ.

ನಡುಕವಿದ್ದರೆ

ನಡುಕದ ಮೂಲ ಚಕ್ರದಲ್ಲಿದೆಯೋ ಇಂಜಿನ್‌ನಲ್ಲಿದೆಯೋ ಎಂಬುದನ್ನು ಮೊದಲು ತಿಳಿಯಬೇಕು. ಗಾಡಿ ನಿಂತಲ್ಲೇ ಆಕ್ಸಿಲರೇಟರ್ ಒತ್ತಿದಾಗಲೂ ನಡುಕ ಬಂದರೆ ಅದು ಇಂಜಿನ್ನಿನದು. ಇಂಜಿನ್ ಮೌಂಟಿಂಗ್ ರಬ್ಬರ್ ನೋಡಿಸಿ. ಓಡುವಾಗ ಮಾತ್ರ ಬಂದರೆ, ಸಮತಟ್ಟಾದ ಖಾಲಿ ರಸ್ತೆಯಲ್ಲಿ ಆ ವೇಗಕ್ಕೆ ಬಂದು ಕ್ಷಣಕಾಲ ಕ್ಲಚ್ ಒತ್ತಿ. ಇಂಜಿನ್ ವೇಗ ಇಳಿದರೂ ನಡುಕ ಹಾಗೆಯೇ ಇದ್ದರೆ ಅದು ಚಕ್ರದ ಕಡೆಯದು. ಇಳಿಜಾರಿನಲ್ಲಿ ಈ ಪರೀಕ್ಷೆ ಬೇಡ.

ಚಕ್ರದ ನಡುಕದಲ್ಲಿ ಸ್ಟಿಯರಿಂಗ್ ಕೈಯಲ್ಲಿ ನಡುಗಿದರೆ ಮುಂದಿನ ಚಕ್ರ, ಸೀಟು ನಡುಗಿದರೆ ಹಿಂದಿನ ಚಕ್ರ ಅಥವಾ ಪ್ರೊಪೆಲ್ಲರ್ ಶಾಫ್ಟ್ ಎಂದು ಸ್ಥೂಲವಾಗಿ ಹೇಳಬಹುದು. ಗಂಟೆಗೆ 60–80 ಕಿ.ಮೀ. ವೇಗದಲ್ಲಿ ಶುರುವಾಗಿ, ಅದಕ್ಕಿಂತ ಕಡಿಮೆ ವೇಗದಲ್ಲಿ ಇಲ್ಲದ ನಡುಕ ಸಾಮಾನ್ಯವಾಗಿ ಚಕ್ರದ ಬ್ಯಾಲೆನ್ಸ್ ತಪ್ಪಿದ್ದರಿಂದ ಬರುತ್ತದೆ. ಆದರೆ ಬ್ಯಾಲೆನ್ಸ್ ಮಾಡಿಸುವ ಮುನ್ನ ಒಂದು ಬಕೆಟ್ ನೀರು ತೆಗೆದುಕೊಳ್ಳಿ. ಮಳೆಗಾಲದಲ್ಲಿ ರಿಮ್ಮಿನ ಒಳಮೈಗೆ ಒಂದೇ ಕಡೆ ಕೆಸರು ಹಿಡಿದು ಒಣಗಿರುತ್ತದೆ. ಹೊರಗಿನಿಂದ ಕಾಣದ ಆ ಕೆಸರಿನ ಮುದ್ದೆಯೇ ಸ್ಟಿಯರಿಂಗನ್ನು ನಡುಗಿಸಲು ಸಾಕು. ಕೆರೆದು ತೊಳೆದು ಮತ್ತೆ ಓಡಿಸಿ ನೋಡುವುದಕ್ಕೆ ಖರ್ಚೇನೂ ಇಲ್ಲ.

ನಿಧಾನವಾಗಿ ಹೋಗುವಾಗಲೇ ‘ಧಪ್ ಧಪ್’ ಎಂದು, ವೇಗ ಏರಿದಂತೆ ಬೇಗ ಬೇಗ ಬಡಿದರೆ ಟೈರಿನಲ್ಲಿ ಉಬ್ಬು ಬಂದಿರಬಹುದು. ಟೈರಿನ ಮೈ ಮೇಲೆ, ಒಳಪಕ್ಕದಲ್ಲಿಯೂ, ಅಂಗೈ ಆಡಿಸಿ ನೋಡಿ. ಪಕ್ಕದಲ್ಲಿ ಉಬ್ಬಿದ್ದರೆ ಆ ಟೈರು ಇನ್ನು ಓಡಿಸಲು ಯೋಗ್ಯವಲ್ಲ. ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿರುವ, ಇಲ್ಲವೇ ಬೇರೆ ಯಾವುದಾದರೂ ಕೀಲು ಸಡಿಲವಾಗಿರುವ ಸಂಭವವಿದೆ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ನೋಡಿಸಬೇಕು. ಮುಂದಿನ ಮತ್ತು ಹಿಂದಿನ ಚಕ್ರಗಳ ಅಳತೆ ಒಂದೇ ಆಗಿದ್ದರೆ ಅದಲು ಬದಲು ಮಾಡಿ ನೋಡಬಹುದು: ನಡುಕ ಸ್ಟಿಯರಿಂಗ್ ಬಿಟ್ಟು ಸೀಟಿಗೆ ಬಂದರೆ ದೋಷ ಚಕ್ರದ್ದೇ.

ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ಅಥವಾ ಡ್ರಮ್ ಸಮನಾಗಿಲ್ಲ ಎಂದರ್ಥ. ಪಂಕ್ಚರ್ ಹಾಕಿಸಿದಾಗ ನಟ್ಟುಗಳನ್ನು ಒಂದೇ ಕಡೆಯಿಂದ ಸಾಲಾಗಿ ಬಿಗಿ ಮಾಡುವುದರಿಂದಲೂ ಹೀಗಾಗುವುದುಂಟು. ಎದುರು ಬದುರಿನ ನಟ್ಟುಗಳನ್ನು ಜೋಡಿಯಾಗಿ ಬಿಗಿಮಾಡಿ, 50–100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಬೇಕು.

ಸದ್ದಿನ ಬಗೆಗಳು

ಗಾಡಿಯ ಮುಂಭಾಗದ ಅಡಿಗೆ ಬಗ್ಗಿ ನೋಡಿ. 2005ರಲ್ಲಿ ಬಂದ ಟಾಟಾ ಏಸ್‌ನಂತಹ ಗಾಡಿಗಳಲ್ಲಿ ಮುಂದೆಯೂ ಗಟ್ಟಿ ಆಕ್ಸಲ್, ಅದರ ಮೇಲೆ ಕಮಾನ್ ಪಟ್ಟಿಗಳಿರುತ್ತವೆ. ಇಲ್ಲಿ ಚಕ್ರ ತಿರುಗಿಸುವ ಕೀಲು ಕಿಂಗ್ ಪಿನ್. ಬೇರೆ ಕೆಲವು ಪಿಕಪ್‌ಗಳಲ್ಲಿ ಎರಡೂ ಚಕ್ರಗಳಿಗೆ ಪ್ರತ್ಯೇಕ ತೋಳು, ಸುರುಳಿ ಸ್ಪ್ರಿಂಗ್ ಅಥವಾ ಟಾರ್ಷನ್ ಬಾರ್, ಜೊತೆಗೆ ಬಾಲ್ ಜಾಯಿಂಟುಗಳಿರುತ್ತವೆ. ಯಾವ ಬಗೆ ಎಂದು ತಿಳಿಯದೆ ಸದ್ದು ಹುಡುಕಿ ಪ್ರಯೋಜನವಿಲ್ಲ.

ಹಂಪಿನ ಮೇಲೆ ನಿಧಾನಕ್ಕೆ ಹತ್ತಿ ಇಳಿಯುವಾಗ ‘ಕಿರ್ರ್’ ಎನ್ನುವುದು ಹೆಚ್ಚಾಗಿ ಒಣಗಿದ ಕಮಾನ್ ಪಟ್ಟಿ, ಶಾಕಲ್ ಅಥವಾ ರಬ್ಬರ್ ಬುಷ್. ಒಂದೊಂದೇ ಬುಷ್‌ಗೆ ಸೋಪಿನ ನೀರು ಹಾಕಿ ಗಾಡಿಯನ್ನು ಕೈಯಿಂದ ಜಗ್ಗಿಸಿ. ಯಾವುದಕ್ಕೆ ನೀರು ಬಿದ್ದಾಗ ಸದ್ದು ನಿಂತಿತೋ ಅದೇ ಮೂಲ. ಕೆಲವರು ಹಳೆಯ ಇಂಜಿನ್ ಆಯಿಲ್ ಅಥವಾ ಡೀಸೆಲ್ ಸುರಿಯುತ್ತಾರೆ. ಸದ್ದು ನಾಲ್ಕು ದಿನ ನಿಲ್ಲುವುದು ನಿಜ. ಆದರೆ ಎಣ್ಣೆ ಕುಡಿದ ರಬ್ಬರು ಉಬ್ಬಿ ಮೆತ್ತಗಾಗಿ ಬೇಗ ಹಾಳಾಗುತ್ತದೆ.

ಸಣ್ಣ ಸಣ್ಣ ಗುಂಡಿಗಳಲ್ಲಿ ‘ಟಕ್ ಟಕ್’ ಎಂದರೆ ಶಾಕ್ ಅಬ್ಸಾರ್ಬರಿನ ಮೇಲಿನ ಕೆಳಗಿನ ಬುಷ್‌ಗಳು, ಸ್ಟೆಬಿಲೈಸರ್ ಬಾರ್ ಇದ್ದರೆ ಅದರ ಲಿಂಕುಗಳು ಮೊದಲ ಅನುಮಾನಕ್ಕೆ ಬರಬೇಕು. ಶಾಕ್ ಅಬ್ಸಾರ್ಬರ್ ಚೆನ್ನಾಗಿದ್ದು ಅದರ ಬುಷ್ ಮಾತ್ರ ಹೋಗಿರುವ ಗಾಡಿಗಳೇ ಹೆಚ್ಚು ಸಿಗುತ್ತವೆ. ಶಾಕ್ ಅಬ್ಸಾರ್ಬರ್ ಸತ್ತಿದೆಯೇ ಎಂದು ತಿಳಿಯಲು ಬಂಪರ್ ಒತ್ತಿ ನೋಡುವ ಪದ್ಧತಿಯಿದೆ. ಗಟ್ಟಿ ಕಮಾನ್ ಇರುವ ಸರಕು ಗಾಡಿಯಲ್ಲಿ ಅದರಿಂದ ಹೆಚ್ಚೇನೂ ತಿಳಿಯದು. ಕೆಟ್ಟ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡಿಸಿ ಬಂದು ಎರಡನ್ನೂ ಮುಟ್ಟಿ ನೋಡುವುದು ವಾಸಿ. ಕೆಲಸ ಮಾಡುತ್ತಿರುವುದು ಬೆಚ್ಚಗಿರುತ್ತದೆ, ಸತ್ತಿರುವುದು ತಣ್ಣಗಿರುತ್ತದೆ. ಮೈಯಲ್ಲಿ ಎಣ್ಣೆ ಸೋರಿ ಧೂಳು ಮೆತ್ತಿದ್ದರೆ ಬೇರೆ ಪರೀಕ್ಷೆ ಬೇಕಿಲ್ಲ.

ಹೊರಡುವಾಗ ಒಮ್ಮೆ, ಬ್ರೇಕ್ ಒತ್ತಿದಾಗ ಒಮ್ಮೆ ‘ಟಕ್’ ಎಂದು ಒಂದೇ ಏಟು ಬಿದ್ದಂತಾದರೆ ಯು ಬೋಲ್ಟ್ ಸಡಿಲವಿರಬಹುದು ಅಥವಾ ಕಮಾನಿನ ಸೆಂಟರ್ ಬೋಲ್ಟ್ ತುಂಡಾಗಿರಬಹುದು. ಸೆಂಟರ್ ಬೋಲ್ಟ್ ಹೋದರೆ ಆಕ್ಸಲ್ ಜರುಗಿ ಗಾಡಿ ಒಂದು ಕಡೆಗೆ ಎಳೆಯತೊಡಗುತ್ತದೆ. ಪಟ್ಟಿಗಳ ಸಂದಿನಲ್ಲಿ, ಬೋಲ್ಟಿನ ಬುಡದಲ್ಲಿ ಕೆಂಪು ತುಕ್ಕಿನ ಪುಡಿ ಕಂಡರೆ ಅಲ್ಲಿ ಲೋಹ ಲೋಹಕ್ಕೆ ಉಜ್ಜುತ್ತಿದೆ ಎಂದು ತಿಳಿಯಿರಿ. ಬರಿಗಣ್ಣಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

ವೇಗದೊಂದಿಗೆ ಏರುವ ‘ಗುಂಯ್’ ಎಂಬ ಸದ್ದು ಚಕ್ರದ ಬೇರಿಂಗಿನದು. ಎಡಕ್ಕೆ ತಿರುಗುವಾಗ ಭಾರ ಬಲ ಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಹೆಚ್ಚಿದರೆ ಬಲ ಬೇರಿಂಗ್ ನೋಡಬೇಕು. ಬಲ ತಿರುವಿನಲ್ಲಿ ಹೆಚ್ಚಿದರೆ ಎಡದ್ದು.

ಚಕ್ರ ಎತ್ತಿ ನೋಡುವುದು

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಇದು. ಸಮ ನೆಲದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು ಮುಂದಿನ ಒಂದು ಚಕ್ರವನ್ನು ಎತ್ತಿ. ಆಕ್ಸಲ್ ಗಾಡಿಯಾದರೆ ಜಾಕ್ ಆಕ್ಸಲ್ ಅಡಿಗೆ ಬರಲಿ. ಸ್ಪ್ರಿಂಗಿನ ಭಾರ ಕೆಳತೋಳಿನ ಮೇಲಿರುವ ಗಾಡಿಯಾದರೆ ಚಕ್ರಕ್ಕೆ ಹತ್ತಿರವಾಗಿ ಕೆಳತೋಳಿನ ಅಡಿಗೆ ಕೊಡಬೇಕು. ಇಲ್ಲದಿದ್ದರೆ ಸ್ಪ್ರಿಂಗ್ ಒತ್ತಡದಲ್ಲಿ ಬಾಲ್ ಜಾಯಿಂಟಿನ ಸಡಿಲ ಕಾಣುವುದೇ ಇಲ್ಲ. ಜಾಕೊಂದನ್ನೇ ನಂಬಿ ಗಾಡಿಯ ಅಡಿಗೆ ಹೋಗಬಾರದು. ಗಟ್ಟಿ ಸ್ಟ್ಯಾಂಡ್ ಅಥವಾ ದಪ್ಪ ಮರದ ದಿಮ್ಮಿ ಇರಲಿ. ಟೊಳ್ಳು ಸಿಮೆಂಟ್ ಬ್ಲಾಕ್ ಭಾರಕ್ಕೆ ಏಕಾಏಕಿ ಒಡೆಯುತ್ತದೆ, ಅದನ್ನು ಇಡಲೇಬೇಡಿ.

ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಒಳಗೆ ಹೊರಗೆ ಅಲುಗಿಸಿ. ಗ್ಯಾರೇಜಿನವರು ‘ಪ್ಲೇ’ ಎನ್ನುವ ಸಡಿಲ ಕಂಡರೆ, ಜೊತೆಯವರಿಗೆ ಬ್ರೇಕ್ ಪೆಡಲ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಿ. ಈಗ ಪ್ಲೇ ಮಾಯವಾದರೆ ಅದು ಬೇರಿಂಗಿನದು. ಹಾಗೆಯೇ ಉಳಿದರೆ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್ ಸವೆದಿದೆ. ನಂತರ 3 ಮತ್ತು 9ರ ಜಾಗದಲ್ಲಿ ಹಿಡಿದು ಅಲುಗಿಸಿ. ಇಲ್ಲಿ ಮಾತ್ರ ಪ್ಲೇ ಇದ್ದರೆ ಟೈ ರಾಡ್ ಎಂಡ್ ಅಥವಾ ಸ್ಟಿಯರಿಂಗ್ ಬಾಕ್ಸ್ ಕಡೆಯದು. ಗಾಡಿ ಇಳಿಸಿದ ಮೇಲೆ ಒಬ್ಬರು ಸ್ಟಿಯರಿಂಗನ್ನು ಸ್ವಲ್ಪವೇ ಎಡಬಲ ಆಡಿಸುತ್ತಿರಲಿ, ಇನ್ನೊಬ್ಬರು ಪ್ರತಿ ಕೀಲಿನ ಮೇಲೆ ಕೈಯಿಟ್ಟು ನೋಡಲಿ. ಸವೆದ ಕೀಲು ಬೆರಳಿಗೆ ‘ಟಿಕ್’ ಎಂದು ತಾಗುತ್ತದೆ.

ಬೇರಿಂಗ್ ಪ್ಲೇ ಎಷ್ಟೋ ಗಾಡಿಗಳಲ್ಲಿ ಗ್ರೀಸ್ ಹಾಕಿ ಬಿಗಿ ಸರಿಪಡಿಸಿದರೆ ಹೋಗುತ್ತದೆ. ಆಗ ಸ್ಪ್ಲಿಟ್ ಪಿನ್ ಹೊಸದೇ ಇರಲಿ. ಅತಿಯಾಗಿ ಬಿಗಿಮಾಡಿದರೆ ಬೇರಿಂಗ್ ಬಿಸಿಯಾಗಿ ಕೆಡುತ್ತದೆ. ಕಿಂಗ್ ಪಿನ್ ಮೊದಮೊದಲು ಗುಂಡಿಗೆ ಬಿದ್ದ ಕೂಡಲೇ ಸ್ಟಿಯರಿಂಗ್ ಗಡಗಡ ಆಡುವಂತೆ ಮಾಡುತ್ತದೆ. ನಿಪ್ಪಲ್‌ಗೆ ಕಾಲಕಾಲಕ್ಕೆ ಗ್ರೀಸ್ ಹೊಡೆಸಿದವರಿಗೆ ಇದು ಬೇಗ ಬರುವುದಿಲ್ಲ. ಆದರೆ ಬಾಲ್ ಜಾಯಿಂಟಿನಲ್ಲಿ, ಟೈ ರಾಡ್ ಎಂಡಿನಲ್ಲಿ ಕಣ್ಣಿಗೆ ಕಾಣುವಷ್ಟು ಪ್ಲೇ ಇದ್ದರೆ ‘ಈ ಸಂಜೆಯ ಹಾಲು ಮುಟ್ಟಿಸಿ ನಾಳೆ ನೋಡೋಣ’ ಎನ್ನುವಂತಿಲ್ಲ. ಆ ಸಂಜೆಗೆ ಸಂಘದ ಕಾರ್ಯದರ್ಶಿಗೆ ತಿಳಿಸಿ ಬೇರೆ ಗಾಡಿ ಗೊತ್ತುಮಾಡುವುದೇ ಸರಿ.

ಟೈ ರಾಡ್ ಎಂಡ್ ಬದಲಾಯಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರು ಬೇಗ ಸವೆಯುತ್ತದೆ. ಕಮಾನು ಬಿಚ್ಚಿ ಕೂರಿಸಿದ್ದರೆ ಕೆಲವು ದಿನ ಓಡಿದ ಮೇಲೆ ಯು ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಿಸಬೇಕು. ಹೊಸ ಪಟ್ಟಿಗಳು ಕುಳಿತುಕೊಂಡು ಬೋಲ್ಟು ಸಡಿಲವಾಗುವುದು ಸಹಜ.

ಕೊನೆಯದಾಗಿ ಹೊರೆಯ ಮಾತು. 40 ಲೀಟರಿನ ಒಂದು ಕ್ಯಾನಿನಲ್ಲಿ ಹಾಲೇ 41 ಕೆ.ಜಿ.ಗೆ ಮೇಲಿದೆ, ಕ್ಯಾನಿನ ತೂಕ ಬೇರೆ. 20 ಕ್ಯಾನಿಗೆ ಹಾಲಿನ ಭಾರವೇ 820 ಕೆ.ಜಿ. ದಾಟುತ್ತದೆ. ನಿಮ್ಮ ಗಾಡಿಯ ದಾಖಲೆಯಲ್ಲಿರುವ ತೂಕಕ್ಕೆ ಇದನ್ನು ಹೋಲಿಸಿ ನೋಡಿ. ಭಾರವೆಲ್ಲ ಹಿಂಬಾಗಿಲಿನ ಕಡೆಗೇ ಇದ್ದರೆ ಮುಂಭಾಗ ಹಗುರಾಗಿ ಸ್ಟಿಯರಿಂಗ್ ಆಡತೊಡಗುತ್ತದೆ, ಇದಕ್ಕೆ ಯಾವ ಬಿಡಿಭಾಗವೂ ಕಾರಣವಲ್ಲ. ಅರ್ಧ ತುಂಬಿದ ಕ್ಯಾನುಗಳು ನಡುಗುವ ಗಾಡಿಯಲ್ಲಿ ಕಡೆದಂತಾಗಿ ಜಿಡ್ಡು ಬೆಣ್ಣೆಯ ಕಾಳುಗಳಾಗಿ ಮೇಲೆ ಕಟ್ಟುತ್ತದೆ. ಅಂತಹ ಹಾಲಿನಿಂದ ತೆಗೆದ ಮಾದರಿಯಲ್ಲಿ ಜಿಡ್ಡಿನ ಅಂಶ ಸರಿಯಾಗಿ ಸಿಗುವುದಿಲ್ಲ. ಕ್ಯಾನುಗಳನ್ನು ಕತ್ತಿನವರೆಗೆ ತುಂಬಿಸಿ, ಖಾಲಿಯವನ್ನು ಹಿಂದಕ್ಕೆ, ತುಂಬಿದವನ್ನು ಮುಂದಕ್ಕೆ ಜೋಡಿಸಿ.