ಜೈನ ಪಂಡಿತರು ಕಂಡ ಮೂರು ಬಯಕೆ

ಸೇಡಂ ತಾಲ್ಲೂಕಿನ ಕಾಗಿಣಾ ದಂಡೆಯ ಮಳಖೇಡ 9ನೇ ಶತಮಾನದಲ್ಲಿ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ದೊರೆ ಅಮೋಘವರ್ಷನ ಕಾಲದ ಜೈನ ವೈಯಾಕರಣ ಶಾಕಟಾಯನ, ಹೆಣ್ಣಿಗೂ ಮೋಕ್ಷವುಂಟೆಂದು ವಾದಿಸಿದ ‘ಸ್ತ್ರೀನಿರ್ವಾಣ ಪ್ರಕರಣ’ದಲ್ಲಿ ‘ವೇದ’ದ ಚರ್ಚೆಗೂ ಇಳಿದ. ಜೈನ ಶಾಸ್ತ್ರದಲ್ಲಿ ಈ ಮಾತಿಗೆ ಕಾಮದ ಬಯಕೆ ಎಂದರ್ಥ. ಪುಂವೇದ ಹೆಣ್ಣನ್ನು ಬಯಸುತ್ತದೆ, ಸ್ತ್ರೀವೇದ ಗಂಡನ್ನು, ನಪುಂಸಕವೇದ ಇಬ್ಬರನ್ನೂ. ಇಂದಿನ ದ್ವಿಲಿಂಗಾಕರ್ಷಣೆಗೆ ತೀರಾ ಹತ್ತಿರದ ವಿಚಾರವೊಂದು ನಮ್ಮ ನೆಲದಲ್ಲಿ ಅಷ್ಟು ಹಿಂದೆಯೇ ಚರ್ಚೆಯಲ್ಲಿತ್ತು ಎಂಬುದು ಸಣ್ಣ ಸಂಗತಿಯಲ್ಲ.

10ನೇ ಶತಮಾನದಲ್ಲಿ ಗಂಗರ ಮಂತ್ರಿ ಚಾವುಂಡರಾಯನ ಗುರು ನೇಮಿಚಂದ್ರ ‘ಗೊಮ್ಮಟಸಾರ’ದಲ್ಲಿ ಈ ಮೂರು ವೇದಗಳನ್ನೂ ಬೆಂಕಿಗೆ ಹೋಲಿಸಿದ. ಪುಂವೇದ ಹುಲ್ಲಿನ ಬೆಂಕಿ, ಭಗ್ಗನೆ ಹತ್ತುವಂಥದ್ದು. ಸ್ತ್ರೀವೇದ ಒಳಗೊಳಗೇ ಕಾಯುವ ಬೆರಣಿಯ ಬೆಂಕಿ. ನಪುಂಸಕವೇದ ದಿನಗಟ್ಟಲೆ ಆರದ ಇಟ್ಟಿಗೆ ಭಟ್ಟಿ. ಸನ್ಯಾಸಿಯ ಕಣ್ಣಿಗೆ ಮೂರೂ ಗೆಲ್ಲಬೇಕಾದ ಕರ್ಮವೇ. ದೇಹ ಮತ್ತು ಬಯಕೆ ಸಾಮಾನ್ಯವಾಗಿ ಹೊಂದಿಕೊಂಡಿರುತ್ತವೆ, ಕೆಲವರಲ್ಲಿ ಹೊಂದುವುದಿಲ್ಲ ಎಂದೂ ಅವನು ಬರೆದಿಟ್ಟ.