ಕೈತೋಟಕ್ಕೆ ತಂಗಡಿ

ಬಯಲುಸೀಮೆಯ ಕಲ್ಲುದಿಣ್ಣೆಗಳಲ್ಲಿಯೂ ಕೆರೆಯ ಏರಿಗಳ ಮೇಲೆಯೂ ಯಾರೂ ಬಿತ್ತದೆ, ನೀರೆರೆಯದೆ ಹೊಂಬಣ್ಣದ ಹೂವನ್ನು ತಳೆದು ನಿಲ್ಲುವ ತಂಗಡಿಯನ್ನು ಅರಿಯದ ರೈತರಿಲ್ಲ. ಇದಕ್ಕೆ ಆವರಿಕೆಯೆಂದೂ ಹೆಸರುಂಟು. ಆದರೂ ಮನೆಯಂಗಳಕ್ಕೆ ಹಳದಿ ಹೂವು ಬೇಕೆಂದಾಗ ಹಣ ತೆತ್ತು ಹೊರದೇಶದ ಸಸಿಗಳನ್ನು ತರುವವರೇ ಹೆಚ್ಚು. ಇದು ಬರಿಯ ಅಭಿರುಚಿಯ ಮಾತಲ್ಲ. ಅಮೆರಿಕ ಖಂಡದ ಉಷ್ಣಪ್ರದೇಶದಿಂದ ಅಲಂಕಾರಾರ್ಥವಾಗಿ ಬಂದ ಸೆನ್ನ ಸ್ಪೆಕ್ಟಾಬಿಲಿಸ್ ಎಂಬ ಮರವು ಬಂಡೀಪುರ, ನಾಗರಹೊಳೆಗಳ ಕಾಡಿಗೆ ನುಗ್ಗಿ, ತನ್ನ ಅಡಿಯಲ್ಲಿ ಹುಲ್ಲನ್ನೂ ಸ್ವದೇಶದ ಸಸಿಗಳನ್ನೂ ಏಳಗೊಡದಂತಾಗಿದೆ. ಕಡಿದರೆ ಬುಡದಿಂದ ಮತ್ತೆ ಚಿಗುರುವುದು. ಕಾಡಂಚಿನ ಗ್ರಾಮಗಳ ಮುಖಂಡರು ಇದನ್ನು ನೆಡಗೊಡಬಾರದು.

ಎರಡೂ ಒಂದೇ ಜಾತಿಗೆ ಸೇರಿದವಾದುದರಿಂದ ಗುರುತು ತಿಳಿದಿರಬೇಕು. ಪರದೇಶದ್ದು ಎತ್ತರದ ಮರ. ಕಾಯಿ ಕೋಲಿನಂತೆ ದುಂಡಗೆ, ನೀಳ. ತಂಗಡಿಯು ಆಳೆತ್ತರದ ಪೊದೆ. ಕಾಯಿ ಚಪ್ಪಟೆಯಾಗಿ ಕಾಗದದಂತೆ ತೆಳು. ಎಲೆಯ ಬುಡದಲ್ಲಿ ಕಿವಿಯಾಕಾರದ ಪುಟ್ಟ ಎಲೆಗಳೆರಡು ಇರುವುವು. ಸೆನ್ನ ಆರಿಕ್ಯುಲೇಟ ಎಂಬ ಶಾಸ್ತ್ರೀಯ ನಾಮವು ಈ ಕಿವಿಗಳಿಂದಲೇ ಬಂದುದು.

ಬೀಜದ ಸಿಪ್ಪೆ ಬಲು ಗಡಸು. ಕಂದುಬಣ್ಣಕ್ಕೆ ತಿರುಗಿದ ಕಾಯಿಗಳಿಂದ ಬೀಜವನ್ನು ಬಿಡಿಸಿ, ಬಿಸಿನೀರಿನಲ್ಲಿ ಹಾಕಿ ರಾತ್ರಿಯೆಲ್ಲ ನೆನೆಯಿಸಿದರೆ ಮೊಳಕೆ ಸಮನಾಗಿ ಬರುವುದು. ಜೂನ್ ತಿಂಗಳ ಮಳೆ ಬಿದ್ದೊಡನೆ, ಗಿಡ ನಿಲ್ಲಬೇಕಾದ ಸ್ಥಳದಲ್ಲಿಯೇ ಅರ್ಧ ಅಂಗುಲ ಆಳದಲ್ಲಿ ಬಿತ್ತುವುದು ಲೇಸು. ತಾಯಿಬೇರು ಆಳಕ್ಕಿಳಿಯುವುದರಿಂದ ಬೆಳೆದ ಸಸಿಯನ್ನು ಕಿತ್ತು ನೆಟ್ಟರೆ ನಷ್ಟವೇ ಹೆಚ್ಚು. ಬೇಲಿಗಾದರೆ ಎರಡಡಿಗೊಂದು, ಅಂದಕ್ಕಾದರೆ ಐದಡಿಗೊಂದು ಸಾಕು. ತುಂಬು ಬಿಸಿಲಿರಬೇಕು, ನೀರು ನಿಲ್ಲಬಾರದು. ಬೇರೂರಿದ ಬಳಿಕ ನೀರಿನ ಚಿಂತೆಯಿಲ್ಲ. ಹೂವಿನ ಭರ ಇಳಿದ ಮೇಲೆ ಕೊಂಬೆಗಳನ್ನು ಸವರಿದರೆ ಗಿಡವು ದಟ್ಟವಾಗುವುದು. ಸವರಿದ ಸೊಪ್ಪನ್ನು ಎಸೆಯತಕ್ಕದ್ದಲ್ಲ. ನಾಟಿಗೆ ಮುಂಚೆ ಗದ್ದೆಯ ಕೆಸರಿನಲ್ಲಿ ತುಳಿದರೆ ಒಳ್ಳೆಯ ಹಸಿರುಗೊಬ್ಬರ. ಸೆಣಬು, ಹುರುಳಿಗಳಂತೆ ಇದರ ಬೇರಿನಲ್ಲಿ ಗಂಟುಗಳಾಗುವುದಿಲ್ಲ. ಆದುದರಿಂದ ಗಿಡ ನಿಂತಮಾತ್ರಕ್ಕೆ ನೆಲಕ್ಕೆ ಸಾರಜನಕ ಸೇರುವುದೆಂದು ನಂಬಬಾರದು, ಸೊಪ್ಪನ್ನು ಹಾಕಿದರೇ ಲಾಭ. ದನಗಳು ಇದನ್ನು ಅಷ್ಟಾಗಿ ಮುಟ್ಟದಿರುವುದು ಬೇಲಿಗೆ ಅನುಕೂಲವೇ ಸರಿ.

ತೊಗಟೆಯಲ್ಲಿ ನೂರಕ್ಕೆ ಸುಮಾರು 18 ಪಾಲು ತೊಗರು ಇರುವುದರಿಂದ ದಕ್ಷಿಣ ದೇಶದ ಚರ್ಮ ಹದಮಾಡುವವರು ಬಹುಕಾಲ ಇದನ್ನೇ ನೆಚ್ಚಿದ್ದರು. ನಿಂತ ಗಿಡದ ಸುತ್ತಲೂ ತೊಗಟೆ ಸುಲಿದರೆ ಗಿಡವೇ ಸಾಯುವುದು. ಬೇಕಾದಲ್ಲಿ ಕೊಂಬೆಯನ್ನು ಕಡಿದು ಅದರಿಂದ ಬಿಡಿಸಿಕೊಳ್ಳಬಹುದು. ಏರಿ, ಗೋಮಾಳಗಳಲ್ಲಿ ಉಳಿದಿರುವ ಗಿಡಗಳನ್ನು ಬೇರುಸಹಿತ ಕೀಳದಂತೆ ನೋಡಿಕೊಂಡು, ಕಾಯಿ ಒಣಗಿದಾಗ ಬೀಜವನ್ನು ಆಯಿಸಿಟ್ಟರೆ, ಮುಂದಿನ ಮುಂಗಾರಿಗೆ ಊರಿನ ಎಲ್ಲ ಹಿತ್ತಲುಗಳಿಗೂ ಸಾಲುವುದು.