ನಿಮಗಿದು ಗೊತ್ತೇ? ಪೈಥಾನ್‌ಗೆ 0.1 + 0.2 ಎಂದರೆ 0.3 ಅಲ್ಲ

ಪೈಥಾನ್ ಕಲಿಯುವವರು ಕೇಳುವ ಪ್ರಶ್ನೆಗಳು ಎಲ್ಲ ಊರಲ್ಲೂ ಹೆಚ್ಚುಕಡಿಮೆ ಒಂದೇ. ಅವುಗಳನ್ನು ದಡ್ಡ ಪ್ರಶ್ನೆಗಳೆಂದು ತಳ್ಳಿಹಾಕುವುದು ತಪ್ಪು. ಪ್ರತಿಯೊಂದರ ಹಿಂದೆಯೂ ಯಾರೋ ಯೋಚಿಸಿ ತೆಗೆದುಕೊಂಡ ಒಂದು ತೀರ್ಮಾನ ಇದೆ.

★ 0.1ಕ್ಕೆ 0.2 ಕೂಡಿಸಿ ನೋಡಿ. ಬರುವ ಉತ್ತರ 0.30000000000000004. ಇದು ಪೈಥಾನ್‌ನ ದೋಷವಲ್ಲ. ಜಾವಾ, ಜಾವಾಸ್ಕ್ರಿಪ್ಟ್‌ಗಳಲ್ಲೂ ಹೀಗೇ ಆಗುತ್ತದೆ. ಕಂಪ್ಯೂಟರ್ ಸಂಖ್ಯೆಗಳನ್ನು ಸೊನ್ನೆ ಮತ್ತು ಒಂದರಲ್ಲೇ ಬರೆದಿಡುತ್ತದೆ. ನಮ್ಮ ದಶಮಾಂಶದಲ್ಲಿ ಮೂರರಲ್ಲೊಂದು ಭಾಗ 0.333 ಎಂದು ಮುಗಿಯದೆ ಸಾಗುವಂತೆ, ಆ ಲೆಕ್ಕದಲ್ಲಿ ಹತ್ತರಲ್ಲೊಂದು ಭಾಗವೂ ಮುಗಿಯುವುದೇ ಇಲ್ಲ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಅರ್ಧ, ಕಾಲು, ಅರೆಕಾಲುಗಳಿಗೆ ಈ ತೊಂದರೆಯಿಲ್ಲ: 0.5ಕ್ಕೆ 0.25 ಕೂಡಿಸಿದರೆ ಸರಿಯಾಗಿ 0.75.

★ ಹಾಗಾದರೆ ಹಣದ ಲೆಕ್ಕ ಬರೆಯುವುದು ಹೇಗೆ? ಎಲ್ಲವನ್ನೂ ಪೈಸೆಗೆ ಇಳಿಸಿ ಪೂರ್ಣಾಂಕದಲ್ಲೇ ಲೆಕ್ಕ ಮಾಡಿ, ಇಲ್ಲವೇ ಡೆಸಿಮಲ್ ಮಾಡ್ಯೂಲ್ ಬಳಸಿ. ಡೆಸಿಮಲ್‌ಗೆ 0.1 ಕೊಡುವಾಗ ಉದ್ಧರಣ ಚಿಹ್ನೆಯೊಳಗಿಟ್ಟೇ ಕೊಡಬೇಕು. ಬರಿದೇ ಕೊಟ್ಟರೆ ಹಳೆಯ ತಪ್ಪು ಅದರೊಳಕ್ಕೂ ಹೋಗುತ್ತದೆ.

★ ರೌಂಡ್ ಮಾಡಿದರೆ 2.5 ಎರಡಾಗುತ್ತದೆ, 3.5 ನಾಲ್ಕಾಗುತ್ತದೆ. ಶಾಲೆಯಲ್ಲಿ ಅರ್ಧ ಬಂದರೆ ಮೇಲಕ್ಕೇರಿಸು ಎಂದು ಕಲಿತವರಿಗೆ ಇದು ಗಾಬರಿ ಹುಟ್ಟಿಸುತ್ತದೆ. ಸರಿಯಾಗಿ ನಡುವೆ ನಿಂತ ಸಂಖ್ಯೆಯನ್ನು ಪೈಥಾನ್ 3 ಹತ್ತಿರದ ಸಮಸಂಖ್ಯೆಗೆ ಒಯ್ಯುತ್ತದೆ. ಯಾವಾಗಲೂ ಮೇಲಕ್ಕೇ ಏರಿಸುತ್ತ ಹೋದರೆ ಸಾವಿರಾರು ಸಾಲುಗಳ ಪಟ್ಟಿಯ ಮೊತ್ತ ನಿಧಾನವಾಗಿ ಉಬ್ಬುತ್ತದೆ. ಹೀಗೆ ಮಾಡಿದರೆ ಏರಿದ್ದೂ ಇಳಿದದ್ದೂ ಬಹುಮಟ್ಟಿಗೆ ಸರಿದೂಗುತ್ತವೆ. ನನ್ನ ಮಟ್ಟಿಗೆ ಇದೇ ಒಳ್ಳೆಯ ನಿಯಮ.

★ ಮೈನಸ್ 7ನ್ನು // ಚಿಹ್ನೆಯಿಂದ 2ರಲ್ಲಿ ಭಾಗಿಸಿದರೆ ಮೈನಸ್ 4 ಬರುತ್ತದೆ. ಸಿ ಭಾಷೆಯಲ್ಲಾದರೆ ಮೈನಸ್ 3. ಪೈಥಾನ್ ಯಾವಾಗಲೂ ಕೆಳಗಿನ ಪೂರ್ಣಾಂಕಕ್ಕೆ ಇಳಿಯುತ್ತದೆ. ಇದರ ಲಾಭ ಶೇಷದಲ್ಲಿ ಕಾಣುತ್ತದೆ: ಭಾನುವಾರಕ್ಕೆ 0 ಎಂದು ಅಂಕಿ ಕೊಟ್ಟಿದ್ದರೆ ಅದರ ಹಿಂದಿನ ದಿನವಾದ ಮೈನಸ್ 1ನ್ನು 7ರಿಂದ ಭಾಗಿಸಿದಾಗ ಶೇಷ 6, ಅಂದರೆ ಶನಿವಾರ. ಬೇರೆ ಷರತ್ತು ಬರೆಯುವ ಕೆಲಸವೇ ಇಲ್ಲ.

★ ಇನ್‌ಪುಟ್‌ನಿಂದ ಬರುವುದು ಯಾವಾಗಲೂ ಪಠ್ಯ, ಸಂಖ್ಯೆಯಲ್ಲ. ಅದಕ್ಕೇ 25ನ್ನು ಎರಡರಿಂದ ಗುಣಿಸಿದರೆ 50 ಬರದೆ 2525 ಬರುತ್ತದೆ, "9" ಎಂಬುದು "10"ಕ್ಕಿಂತ ದೊಡ್ಡದಾಗುತ್ತದೆ. ಮೊದಲು ಇಂಟ್ ಮಾಡಿಕೊಳ್ಳಿ.

★ ಆ ಇಂಟ್‌ಗೆ ಕನ್ನಡ ಅಂಕಿ ಓದಲು ಬರುತ್ತದೆ! "೨೫" ಎಂಬ ಪಠ್ಯ ಕೊಟ್ಟರೆ ಸರಿಯಾಗಿ 25 ಎಂಬ ಸಂಖ್ಯೆ ಸಿಗುತ್ತದೆ. ಆದರೆ ಕೋಡ್‌ನಲ್ಲಿ ನೇರವಾಗಿ ೨೫ ಎಂದು ಸಂಖ್ಯೆ ಬರೆದರೆ ಪೈಥಾನ್ ಒಪ್ಪುವುದಿಲ್ಲ.

★ ವೇರಿಯಬಲ್‌ಗಳಿಗೆ ಕನ್ನಡದ ಹೆಸರಿಡಬಹುದು. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3.0ರಿಂದಲೇ ಈ ಅವಕಾಶ ಇದೆ. ಬೆಲೆ = 40 ಎಂದು ಬರೆದು, ಮುಂದಿನ ಸಾಲಿನಲ್ಲಿ ಒಟ್ಟು = ಬೆಲೆ * 3 ಎಂದು ಬರೆಯಿರಿ, ನಡೆಯುತ್ತದೆ. ಇಫ್, ಫಾರ್‌ನಂಥ ಕೀಲಿಪದಗಳು ಮಾತ್ರ ಇಂಗ್ಲಿಷಿನಲ್ಲೇ ಇರಬೇಕು. ಮಕ್ಕಳಿಗೆ ಕಲಿಸುವ ಮೇಷ್ಟ್ರುಗಳು ಇದನ್ನು ಇನ್ನೂ ಹೆಚ್ಚು ಬಳಸಬೇಕು.

★ ‘ಕನ್ನಡ’ ಎಂಬ ಪದದ ಉದ್ದ ಎಷ್ಟು? ಕಣ್ಣಿಗೆ ಮೂರು ಅಕ್ಷರ. ಪೈಥಾನ್‌ನ ಲೆನ್ ಹೇಳುವುದು 5. ಕ, ನ, ಒತ್ತಕ್ಷರ ಕಟ್ಟುವ ವಿರಾಮ ಚಿಹ್ನೆ, ಮತ್ತೊಂದು ನ, ಡ: ಯೂನಿಕೋಡ್‌ನಲ್ಲಿ ಇವು ಐದು ಬೇರೆ ಬೇರೆ ಸಂಕೇತಗಳು. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 15. ಇಷ್ಟು ಅಕ್ಷರ ಮೀರಬಾರದು ಎಂದು ಫಾರ್ಮ್‌ಗಳಲ್ಲಿ ಮಿತಿ ಹಾಕುವವರು ಕನ್ನಡದ ಹೆಸರುಗಳನ್ನೂ ಎಣಿಸಿ ನೋಡಬೇಕು.

★ ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಪದವೊಂದರಲ್ಲಿ ಬರೀ ಅಕ್ಷರಗಳಿವೆಯೇ ಎಂದು ಪರೀಕ್ಷಿಸುವ ಈಸ್‌ಆಲ್ಫಾ, ‘ಕಮಲ’ಕ್ಕೆ ಹೌದು ಎನ್ನುತ್ತದೆ, ‘ಕನ್ನಡ’ಕ್ಕೆ ಅಲ್ಲ ಎನ್ನುತ್ತದೆ. ಒತ್ತಕ್ಷರ ಕಟ್ಟುವ ವಿರಾಮ ಚಿಹ್ನೆ, ಕಾಗುಣಿತದ ಗುರುತುಗಳು ಯಾವುವೂ ಅದರ ಲೆಕ್ಕದಲ್ಲಿ ಅಕ್ಷರಗಳಲ್ಲ. ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ಪದಗಳನ್ನು ಹುಡುಕುವ ಚಿಹ್ನೆಗೂ ಇದೇ ನಿಯಮ. ಅದು ‘ಕನ್ನಡ’ವನ್ನು ‘ಕನ’ ಮತ್ತು ‘ನಡ’ ಎಂದು ಎರಡು ತುಂಡು ಮಾಡಿಬಿಡುತ್ತದೆ. ಹೆಸರು ಸರಿಯಿಲ್ಲ ಎಂದು ಕನ್ನಡಿಗರ ಅರ್ಜಿ ವಾಪಸ್ ಬರಲು ಇಂಥ ಒಂದು ಸಾಲು ಸಾಕು. ಪೈಥಾನ್ ಜೊತೆಗೇ ಬರುವ ‘ಆರ್‌ಇ’ಯ ಬದಲು ‘ರೆಜೆಕ್ಸ್’ ಎಂಬ ಬೇರೆ ಮಾಡ್ಯೂಲ್ ಹಾಕಿಕೊಂಡರೆ ಪದ ಒಡೆಯುವುದಿಲ್ಲ.

★ ಹವಳ, ಹಸು, ಹಳೆ. ನಮ್ಮ ನಿಘಂಟಿನ ಕ್ರಮ ಇದು. ಪೈಥಾನ್‌ನ ಸಾರ್ಟೆಡ್‌ಗೆ ಕೊಟ್ಟರೆ ‘ಹಳೆ’ ಮೊದಲಿಗೆ ಬರುತ್ತದೆ. ವರ್ಣಮಾಲೆಯ ಕೊನೆಯಲ್ಲಿರುವ ಳ, ಯೂನಿಕೋಡ್ ಪಟ್ಟಿಯಲ್ಲಿ ಲ ಆದ ಕೂಡಲೇ, ವ ಬರುವ ಮೊದಲೇ ಕೂತಿದೆ. ಮತದಾರರ ಪಟ್ಟಿಯಾಗಲಿ ತರಗತಿಯ ಹಾಜರಿಯಾಗಲಿ, ಅಕ್ಷರಕ್ರಮವನ್ನು ನಾವೇ ಹೇಳಿಕೊಡಬೇಕು.

★ ವಿಂಡೋಸ್‌ನಲ್ಲಿ ಕನ್ನಡದ ಫೈಲ್ ತೆರೆದರೆ ಡಿಕೋಡ್ ಎರರ್ ಬರುವುದೇಕೆ? ಇಂಗ್ಲಿಷ್ ವಿಂಡೋಸ್‌ಗಳು ಸಾಮಾನ್ಯವಾಗಿ 1252 ಎಂಬ ಹಳೆಯ ಸಂಕೇತಪಟ್ಟಿಯನ್ನು ಬಳಸುತ್ತವೆ. ಕನ್ನಡದ ವಿರಾಮ ಚಿಹ್ನೆಯ ಮೂರನೇ ಬೈಟ್‌ಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ಹೀಗಾಗಿ ಒತ್ತಕ್ಷರ ಸಿಕ್ಕಿದ ಕಡೆ ಪ್ರೋಗ್ರಾಮ್ ನಿಂತುಹೋಗುತ್ತದೆ. ಓಪನ್ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಹೇಳಿದರೆ ಮುಗಿಯಿತು.

★ ಫಂಕ್ಷನ್‌ಗೆ ಡಿಫಾಲ್ಟ್ ಆಗಿ ಖಾಲಿ ಲಿಸ್ಟ್ ಕೊಡಬೇಡಿ. ಆ ಲಿಸ್ಟ್ ಪ್ರತಿ ಸಲ ಹೊಸದಾಗಿ ಹುಟ್ಟುವುದಿಲ್ಲ. ಫಂಕ್ಷನ್ ಬರೆದ ಸಾಲನ್ನು ಪೈಥಾನ್ ಓದಿದಾಗ ಒಮ್ಮೆ ಹುಟ್ಟಿ, ಹಾಗೇ ಉಳಿಯುತ್ತದೆ. ಮೊದಲ ಸಲ ಸೇರಿಸಿದ್ದು ಎರಡನೇ ಸಲ ಕರೆದಾಗಲೂ ಅಲ್ಲೇ ಇರುತ್ತದೆ. ಡಿಫಾಲ್ಟ್ ಆಗಿ ‘ನನ್’ ಇಟ್ಟು, ಒಳಗೆ ಹೊಸ ಲಿಸ್ಟ್ ಮಾಡಿಕೊಳ್ಳುವುದೇ ಸರಿಯಾದ ದಾರಿ. ವರ್ಷಗಟ್ಟಲೆ ಕೋಡ್ ಬರೆದವರೂ ಇಲ್ಲಿ ಎಡವುತ್ತಾರೆ.

★ ಲಿಸ್ಟ್‌ನ ಸಾರ್ಟ್ ‘ನನ್’ ಕೊಡುತ್ತದೆ. ಅದು ಇದ್ದ ಲಿಸ್ಟನ್ನೇ ಜೋಡಿಸುತ್ತದೆ. ಹೊಸದು ಬೇಕಿದ್ದರೆ ಸಾರ್ಟೆಡ್.

★ ಎರಡು ಸಂಖ್ಯೆ ಸಮವೇ ಎಂದು ನೋಡಲು == ಬಳಸಿ, ‘ಈಸ್’ ಬೇಡ. ‘ಈಸ್’ ಕೇಳುವುದು ಎರಡೂ ಒಂದೇ ವಸ್ತುವೇ ಎಂದು. ಮೈನಸ್ 5ರಿಂದ 256ರವರೆಗಿನ ಪೂರ್ಣಾಂಕಗಳನ್ನು ಸಾಮಾನ್ಯ ಪೈಥಾನ್ ಮೊದಲೇ ಮಾಡಿಟ್ಟುಕೊಂಡಿರುವುದರಿಂದ ಸಣ್ಣ ಸಂಖ್ಯೆಗಳಲ್ಲಿ ಸರಿಯೆನಿಸಿದ್ದು 257ರಲ್ಲಿ ಕೈಕೊಡಬಹುದು.

★ ಪಠ್ಯಗಳ ಲಿಸ್ಟ್‌ನಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋದರೆ ಪೈಥಾನ್ ದೂರುವುದಿಲ್ಲ. "ಹಾಸನ" "ಮಂಡ್ಯ" ಎಂಬೆರಡು ಸದ್ದಿಲ್ಲದೆ "ಹಾಸನಮಂಡ್ಯ" ಎಂಬ ಒಂದಾಗುತ್ತವೆ.

★ ರ‍್ಯಾಂಡಮ್ ಮಾಡ್ಯೂಲ್ ಕಲಿಯುವವರು ತಮ್ಮ ಫೈಲ್‌ಗೂ ಅದೇ ಹೆಸರಿಡುತ್ತಾರೆ. ಇಂಪೋರ್ಟ್ ಎಂದಾಗ ಪೈಥಾನ್ ಮೊದಲು ಹುಡುಕುವುದು ಅದೇ ಫೋಲ್ಡರ್‌ನಲ್ಲಿ. ಹೀಗಾಗಿ ಸಿಗುವುದು ಅವರದೇ ಫೈಲ್. ಟರ್ಟಲ್ ಕಲಿಯುವ ಮಕ್ಕಳಿಗೂ ಇದೇ ಗತಿ. ಪೈಥಾನ್ 3.13 ಈಗ ಹೆಸರು ಬದಲಿಸಿ ನೋಡಿ ಎಂಬ ಸೂಚನೆಯನ್ನೂ ಎರರ್ ಜೊತೆಗೇ ಕೊಡುತ್ತದೆ.

★ ಎರಡರ ಸಾವಿರನೇ ಘಾತದಲ್ಲಿ 302 ಅಂಕಿಗಳಿವೆ, ಪೈಥಾನ್ ಅದನ್ನು ಒಂದೂ ಬಿಡದೆ ಬರೆಯುತ್ತದೆ. ಆದರೆ 2022ರಿಂದ ಒಂದು ಮಿತಿ ಇದೆ: 4300 ಅಂಕಿ ದಾಟಿದರೆ ಪಠ್ಯವಾಗಿ ಬದಲಿಸಲು ಒಪ್ಪುವುದಿಲ್ಲ. ಭಾರಿ ಸಂಖ್ಯೆ ಕಳಿಸಿ ಸರ್ವರ್‌ಗಳನ್ನು ಸ್ತಬ್ಧಗೊಳಿಸುವ ದಾಳಿ ತಡೆಯಲು ಹಾಕಿದ ಮಿತಿ ಇದು. ಬೇಕಾದವರು ಏರಿಸಿಕೊಳ್ಳಬಹುದು.

★ ಗೀಡೊ ವಾನ್ ರೋಸಮ್ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 1989ರ ಕ್ರಿಸ್‌ಮಸ್ ರಜೆಯಲ್ಲಿ ಶುರುಮಾಡಿದ ಕೆಲಸವೇ ಪೈಥಾನ್. ಭಾರತದ ಪೈಥಾನ್ ಬಳಗದ ಮೊದಲ ಪೈಕಾನ್ ಇಂಡಿಯಾ ಸಮ್ಮೇಳನ ನಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 2009ರಲ್ಲಿ.

★ ಎರರ್ ಬಂದಾಗ ಕೊನೆಯ ಸಾಲನ್ನು ಮೊದಲು ಓದಿ. ಏನಾಯಿತು ಎಂಬುದು ಅಲ್ಲಿದೆ, ಎಲ್ಲಾಯಿತು ಎಂಬುದು ಅದರ ಮೇಲಿನ ಸಾಲುಗಳಲ್ಲಿದೆ. 2021ರ ಪೈಥಾನ್ 3.10ರಿಂದ ಹೆಸರು ತಪ್ಪಾಗಿ ಬರೆದಿದ್ದರೆ ಸರಿಯಾದದ್ದು ಯಾವುದಿರಬಹುದು ಎಂದು ಅದೇ ಸೂಚಿಸುತ್ತದೆ.

★ ಬೇರೆಯವರನ್ನು ಕೇಳುವಾಗ ಎರರ್‌ನ ಪೂರ್ತಿ ಪಠ್ಯ ಕೊಡಿ, ಪರದೆಯ ಫೋಟೊ ಬೇಡ. ಉತ್ತರ ಹೇಳುವವರು ಫೋಟೊವನ್ನು ಓಡಿಸಿ ನೋಡಲಾರರು. ತೊಂದರೆ ತೋರಿಸುವ ಐದಾರು ಸಾಲು ಕೋಡ್ ಸಾಕು. ಪೈಥಾನ್‌ನ ಯಾವ ಆವೃತ್ತಿ ಎಂಬುದನ್ನು ಮಾತ್ರ ಮರೆಯದೆ ಬರೆಯಿರಿ. ಎಷ್ಟೋ ಪ್ರಶ್ನೆಗಳ ಉತ್ತರ ಅದರ ಮೇಲೆ ನಿಂತಿದೆ: 2.5ನ್ನು ರೌಂಡ್ ಮಾಡಿದರೆ ಪೈಥಾನ್ 2.7ರಲ್ಲಿ ಬರುತ್ತಿದ್ದದ್ದು 3.